ಭಾರದ ಪುಡಿಯ ಬೆನ್ನು ಹತ್ತಿ ಒಮಾನಿಗೆ

ರಾಮಸಮುದ್ರ

ಒಮಾನಿಗೆ ಹೋಗಬೇಕಾಗಿದೆ ಎಂದು ರಾಮಸಮುದ್ರದ ನಮ್ಮ ಮನೆಯಲ್ಲಿ ಹೇಳಿದ ಸಂಜೆ ನನ್ನ ಅತ್ತೆ ಎರಡು ಪ್ರಶ್ನೆ ಕೇಳಿದರು. ಮೊದಲನೆಯದು, "ಅಲ್ಲಿ ನಿನಗ ರೊಟ್ಟಿ ಯಾರು ಮಾಡಿ ಹಾಕ್ತಾರ?" ಎರಡನೆಯದು, "ನೀ ಏನು ತಪ್ಪು ಮಾಡೀದಿ ಅಂತ ಕರಸ್ಯಾರ?"

ಮೊದಲನೆಯದಕ್ಕೆ ಅವರೇ ಉತ್ತರ ಕಂಡುಕೊಂಡರು. ಮರುದಿನವೇ ತಿಂಗಳಾದರೂ ಕೆಡದ ಜೋಳದ ಕಟಕ ರೊಟ್ಟಿ ತಟ್ಟಲು ಕೂತರು. ಎರಡನೆಯದಕ್ಕೆ ನಾನು, "ಏನೂ ಮಾಡಿಲ್ರಿ ಅತ್ತಿ" ಎಂದೆ. ಅವತ್ತು ಆ ಮಾತನ್ನು ನಾನೂ ನಂಬಿದ್ದೆ.

ನನ್ನ ಕೆಲಸ ಏನೆಂದು ಮೊದಲು ಹೇಳಬೇಕು. ಯಾದಗಿರಿ ಜಿಲ್ಲೆಯ ಕಡೇಚೂರಿನ ಒಂದು ಕಾರ್ಖಾನೆಯಲ್ಲಿ ಎಂಟು ವರ್ಷದಿಂದ ಪುಡಿಯ ಭಾರ ನೋಡುವವಳು ನಾನು. ಹೆಸರಿಗೆ ಲ್ಯಾಬ್ ಕೆಮಿಸ್ಟ್. ಆಂಧ್ರದ ಗಣಿಗಳಿಂದ ಬೆರೈಟ್ ಎಂಬ ಬೂದು ಕಲ್ಲು ಲಾರಿಯಲ್ಲಿ ಬರುತ್ತದೆ. ಮುಷ್ಟಿಯಷ್ಟು ಕಲ್ಲು ಎತ್ತಿದರೂ ಕೈ ಒಮ್ಮೆ ಕೆಳಗೆ ಜಗ್ಗುವಷ್ಟು ಭಾರ. ಅದನ್ನು ಹಿಟ್ಟಿನಂತೆ ನುಣ್ಣಗೆ ಬೀಸಿ, ಚೀಲ ತುಂಬಿ, ಎಣ್ಣೆ ಬಾವಿ ಕೊರೆಯುವ ದೇಶಗಳಿಗೆ ಕಳಿಸುತ್ತೇವೆ. ಬಾವಿ ಕೊರೆಯುವಾಗ ಅವರು ತೂತಿನ ತುಂಬ ಕೆಸರು ತುಂಬಿಸುತ್ತಾರೆ. ಆ ಕೆಸರಿಗೆ ನಮ್ಮ ಪುಡಿ ಬೆರೆತರೆ ಅದು ಭಾರವಾಗಿ ನೆಲದಡಿಯ ಗ್ಯಾಸನ್ನು ಅದುಮಿ ಹಿಡಿಯುತ್ತದೆ. ಕೆಸರು ಹಗುರಾದರೆ ಗ್ಯಾಸು ಮೇಲಕ್ಕೆ ನುಗ್ಗುತ್ತದೆ. ಪುಡಿ ನೀರಿಗಿಂತ ನಾಲ್ಕು ಪಾಯಿಂಟ್ ಎರಡು ಪಟ್ಟು ಭಾರ ಇರಬೇಕು ಎಂಬುದು ಕರಾರು. ಒಂದು ಸಲ ಬೀಸಿದ ಪುಡಿಗೆ ಒಂದು ಲಾಟು ಎನ್ನುತ್ತೇವೆ. ಪ್ರತಿ ಲಾಟಿನ ಪುಡಿಯನ್ನು ಪರೀಕ್ಷೆ ಮಾಡಿ, ಅಷ್ಟು ಇದೆ ಎಂದು ಬರೆದು ಸಹಿ ಹಾಕುವವಳು ನಾನು. ಎಂಟು ವರ್ಷದಲ್ಲಿ ಒಂದು ಎಣ್ಣೆ ಬಾವಿಯನ್ನೂ ನೋಡಿರಲಿಲ್ಲ.

ಒಮಾನಿನಿಂದ ದೂರು ಬಂದಿತ್ತು. ಮೂರು ಲಾಟು ಪುಡಿ ಹೋಗಿದ್ದವು. ಎಷ್ಟು ಚೀಲ ಸುರಿದರೂ ಕೆಸರು ಬೇಕಾದಷ್ಟು ಭಾರವಾಗುತ್ತಿಲ್ಲ, ನಿಮ್ಮವರೊಬ್ಬರು ಬಂದರೆ ಎದುರೆದುರೇ ಪರೀಕ್ಷೆ ಮಾಡೋಣ ಎಂದು ಅವರು ಬರೆದಿದ್ದರು. ಮಾಲೀಕರು ನನ್ನನ್ನು ಕರೆದು, "ಸುಜಾತಾ, ಸಹಿ ನಿಂದು. ನೀನೇ ಹೋಗು" ಎಂದರು.

ನನ್ನ ಗಂಡ ದೇವೀಂದ್ರ ಯಾದಗಿರಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ನನ್ನ ಹೆಸರು, ಊರು, ಫೋನ್ ನಂಬರ್ ಬರೆದ ಚೀಟಿಗಳನ್ನು ಬ್ಯಾಗಿನ ಒಳಗೆ, ಹೊರಗೆ, ಪರ್ಸಿನಲ್ಲಿ, ಕೊನೆಗೆ ರೊಟ್ಟಿಯ ಡಬ್ಬಿಯಲ್ಲೂ ಇಟ್ಟ. "ನಾ ಏನು ಜಾತ್ರ್ಯಾಗ ಕಳಿಯೋ ಕೂಸೇನು?" ಎಂದು ನಕ್ಕೆ. ಅವನು ನಗಲಿಲ್ಲ. "ರೊಟ್ಟಿ ಡಬ್ಬಿ ಒಂದೇ ಕಳದ್ರ?" ಎಂದ.

ಮಸ್ಕತ್ ವಿಮಾನ ನಿಲ್ದಾಣ

ಹೈದರಾಬಾದಿನಿಂದ ವಿಮಾನ ಹತ್ತಿದ್ದೂ ಇಳಿದದ್ದೂ ಸುಸೂತ್ರವಾಗಿ ಆಯಿತು. ತೊಡಕಾದದ್ದು ಮಸ್ಕತ್ತಿನ ಕಸ್ಟಮ್ಸಿನಲ್ಲಿ.

ಪ್ರತಿ ಲಾಟಿನಿಂದ ಸ್ವಲ್ಪ ಪುಡಿಯನ್ನು ನಾವು ಸೀಲ್ ಮಾಡಿ ತೆಗೆದಿಡುತ್ತೇವೆ. ಜಗಳ ಬಂದರೆ ಅದೇ ಸಾಕ್ಷಿ. ಆ ಮೂರು ಪ್ಲಾಸ್ಟಿಕ್ ಪೊಟ್ಟಣಗಳು ನನ್ನ ಬ್ಯಾಗಿನಲ್ಲಿದ್ದವು. ಜೊತೆಗೆ ಕೌದಿಯ ತುಂಡಿನಲ್ಲಿ ಸುತ್ತಿದ ಉದ್ದ ಕತ್ತಿನ ಗಾಜಿನ ಬಾಟಲಿ. ಯಂತ್ರದ ಪರದೆಯಲ್ಲಿ ಅದು ಹೇಗೆ ಕಂಡಿರಬೇಕೆಂದು ನೀವೇ ಯೋಚಿಸಿ. ಅಧಿಕಾರಿ ಒಂದು ಪೊಟ್ಟಣ ಎತ್ತಿ ನನ್ನ ಮುಖ ನೋಡಿದ. ಇನ್ನೊಬ್ಬನನ್ನು ಕರೆದ. ಇಬ್ಬರೂ ಸೇರಿ ನನ್ನ ಮುಖ ನೋಡಿದರು.

ಕಾರ್ಖಾನೆಯ ಕಾಗದ ತೋರಿಸಿದೆ. ಇಂಗ್ಲಿಷು ಮರೆತೇ ಹೋಗಿ, ಬೀಸಿದ ಕಲ್ಲು ಎನ್ನಲು ಯಾದಗಿರಿ ಬಜಾರಿನ ಹಿಂದಿ ತಾನಾಗಿ ಹೊರಬಂತು: "ಪತ್ಥರ್ ಹೈ ಸಾಬ್. ಪೀಸಾ ಹುವಾ ಪತ್ಥರ್."

"ಪತ್ಥರ್?" ಎಂದ ಎರಡನೆಯವನು. ಪೊಟ್ಟಣವನ್ನು ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಮಾಡಿ ತೂಗಿದ. ಆ ಭಾರಕ್ಕೆ ಅವನ ಹುಬ್ಬು ಮೇಲೇರಿತು. ಮೊದಲನೆಯವನ ಕೈಗೆ ಕೊಟ್ಟ. ಅವನ ಹುಬ್ಬೂ ಏರಿತು. ಹೊಸಬರಿಗೆ ನಮ್ಮ ಪುಡಿ ಮುಟ್ಟಲು ಕೊಟ್ಟಾಗ ಕಡೇಚೂರಿನಲ್ಲೂ ಹೀಗೇ ಹುಬ್ಬು ಏರುತ್ತದೆ. ನನ್ನ ಹೆದರಿಕೆ ಅರ್ಧ ಇಳಿಯಿತು.

ಆಮೇಲೆ ರೊಟ್ಟಿಯ ಡಬ್ಬಿ ತೆರೆದರು. ಎರಡನೆಯವನು ಒಂದು ಕಟಕ ರೊಟ್ಟಿ ತೆಗೆದು ಮೇಜಿಗೆ ಮೆಲ್ಲಗೆ ಬಡಿದ. ಟಕ್ ಎಂದಿತು. "ಇದೂ ಕಲ್ಲೇ?" ಎಂದು ಕೇಳಿದ. ನಾನು ಒಂದು ಚೂರು ಮುರಿದು ತಿಂದು ತೋರಿಸಿದೆ. ಅವನೂ ಒಂದು ಚೂರು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದು, ಹೋಗು ಎಂದು ಕೈ ಮಾಡಿದ. ದೇವೀಂದ್ರ ಇಟ್ಟಿದ್ದ ಚೀಟಿಯನ್ನು ಓದಿದ್ದನೋ ಇಲ್ಲವೋ ಗೊತ್ತಿಲ್ಲ. ಆಮೇಲೆ ನಾನು ನೋಡುವಾಗ ಅದು ಡಬ್ಬಿಯ ತಳಕ್ಕೆ ಅಂಟಿಕೊಂಡಿತ್ತು.

ಮರಳಿನ ದಾರಿ

ಮಸ್ಕತ್ತಿನಿಂದ ಕ್ಯಾಂಪಿಗೆ ಇಡೀ ದಿನದ ದಾರಿ. ಮೊದಲು ಬೆಟ್ಟಗಳು ಬಂದವು. ಹುಲ್ಲು ಕಡ್ಡಿಯೂ ಇಲ್ಲದ ಬೋಳು ಬೆಟ್ಟಗಳು. ನಮ್ಮ ಸುರಪುರದ ಗುಡ್ಡಗಳಲ್ಲಿ ಬಂಡೆಗಳ ಸಂದಿಯಲ್ಲಾದರೂ ಒಂದು ಸೀತಾಫಲದ ಗಿಡ ಇರುತ್ತದೆ. ಇಲ್ಲಿ ಬೆಟ್ಟ ಎಲುಬು ತೋರಿಸಿಕೊಂಡು ನಿಂತಿತ್ತು. ಆದರೂ ನಿಜ್ವಾ ಎಂಬ ಊರು ಸಮೀಪಿಸುವಾಗ ಒಂದು ಸಾಲು ಬೆಟ್ಟ ನಮ್ಮ ಶಹಾಪುರದ ಮಲಗಿದ ಬುದ್ಧನ ಬೆಟ್ಟದಂತೆಯೇ ಕಂಡಿತು. ಹಣೆ, ಮೂಗು, ಎದೆ ಎಲ್ಲ ಗುರುತು ಸಿಕ್ಕಿತು. ನಮ್ಮ ಮನೆಯಲ್ಲಿ ಶಹಾಪುರ ದಾಟುವಾಗ ಕೈಮುಗಿಯುವ ರೂಢಿ. ಇಲ್ಲೂ ಮುಗಿದೆ. ಒಮಾನಿ ಚಾಲಕ ಕನ್ನಡಿಯಲ್ಲಿ ನೋಡಿ, ಏನೋ ಒಳ್ಳೆಯದಿರಬೇಕೆಂದು ತಾನೂ ಎದೆಯ ಮೇಲೆ ಕೈಯಿಟ್ಟುಕೊಂಡ.

ಬೆಟ್ಟ ಮುಗಿದ ಮೇಲೆ ಬಯಲು. ಬಿಸಿಲು ಮಾತ್ರ ಹೊಸದಲ್ಲ. ಎಪ್ರಿಲ್ ತಿಂಗಳ ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಕಾಯ್ದವರಿಗೆ ಒಮಾನಿನ ಬಿಸಿಲು ಬೀಗರ ಕಡೆಯದು ಎಂದೇ ಅನ್ನಿಸುತ್ತದೆ.

ಕ್ಯಾಂಪು, ಮೊದಲ ದಿನ

ಕ್ಯಾಂಪೆಂದರೆ ಮರಳಿನ ಮೇಲೆ ಸಾಲಾಗಿ ಇಟ್ಟ ತಗಡಿನ ಕೋಣೆಗಳು. ದೂರದಲ್ಲಿ ಬಾವಿ ಕೊರೆಯುವ ಎತ್ತರದ ಕಬ್ಬಿಣದ ಗೋಪುರ. ನಾನು ಕಾರಿನಿಂದ ಇಳಿದ ಕೂಡಲೇ ಅಡುಗೆಮನೆಯಿಂದ ಏಪ್ರನ್ ಕಟ್ಟಿದ ಒಬ್ಬರು ಓಡುತ್ತ ಬಂದರು. ಐವತ್ತು ದಾಟಿದ ವಯಸ್ಸು, ಬಿಳಿ ಮೀಸೆ.

"ಯಾದಗಿರಿಯಿಂದ ಬಂದಾರ ಅಂದ್ರು. ನೀನೇ ಏನು ತಂಗೆವ್ವ?"

ಮರಳುಗಾಡಿನಲ್ಲಿ ಆ ಮಾತು ಕೇಳಿ ನನ್ನ ಕಣ್ಣು ತುಂಬಿತು. ಅವರು ಯಂಕಪ್ಪ, ಅವತ್ತಿನಿಂದಲೇ ನನಗೆ ಯಂಕಣ್ಣ. ಸುರಪುರ ತಾಲೂಕಿನ ಕೃಷ್ಣೆಯ ದಂಡೆಯ ಊರು. ತಂದೆಯ ಜೊತೆ ಮೀನು ಹಿಡಿಯುತ್ತಿದ್ದವರು, ಹನ್ನೆರಡು ವರ್ಷದಿಂದ ಒಮಾನಿನ ಕ್ಯಾಂಪುಗಳಲ್ಲಿ ಅಡುಗೆ ಮಾಡುತ್ತಿದ್ದರು.

ಅವರು ಮೊದಲು ತೋರಿಸಿದ್ದು ನನ್ನ ಕೋಣೆಯನ್ನಲ್ಲ, ನಮ್ಮ ಚೀಲಗಳನ್ನು. ಒಂದು ಚಪ್ಪರದ ಕೆಳಗೆ ಪೇರಿಸಿದ್ದರು. ಪ್ರತಿ ಚೀಲದ ಮೇಲೂ ಕಾರ್ಖಾನೆಯ ಹೆಸರಿನ ಕೆಳಗೆ ಯಾದಗಿರಿ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು.

"ಇವು ಬಂದ ದಿನ ಎಲ್ಲರಿಗೂ ಕರ್ಕೊಂಡು ಬಂದು ತೋರಿಸೀನಿ. ಇದು ನಮ್ಮ ಜಿಲ್ಲಾದ ಕಲ್ಲು, ಈ ಬಾವಿ ಹಿಡಿದು ನಿಂತದ್ದು ನಮ್ಮ ಕಲ್ಲು ಅಂತ."

"ಕಲ್ಲು ಆಂಧ್ರದ್ದು ಅಣ್ಣಾರ. ಬೀಸೋದು ಅಷ್ಟೇ ನಾವು."

"ಬೀಸಿದವರದೇ ಹಿಟ್ಟು ತಂಗೆವ್ವ, ಅದರಾಗೇನು" ಎಂದರು. ಆಮೇಲೆ ದನಿ ಇಳಿಸಿ ಕೇಳಿದರು: "ಈಗ ಇವು ಮುಟ್ಟಬ್ಯಾಡ್ರಿ ಅಂತ ಬದಿಗಿಟ್ಟಾರ. ಪುಡಿ ಹಗುರ ಅದ ಅಂತಾರ. ಖರೇ ಏನು?"

"ಇರ್ಲಿಕ್ಕಿಲ್ಲ" ಎಂದೆ.

ಇನ್ನೊಂದು ತೊಡಕು ಅವತ್ತೇ ಗೊತ್ತಾಯಿತು. ಆ ಕ್ಯಾಂಪಿನಲ್ಲಿ ಹೆಂಗಸು ನಾನೊಬ್ಬಳೇ. ಹೆಂಗಸರ ಬಚ್ಚಲು ಇರಲಿಲ್ಲ. ಪ್ರಯೋಗಶಾಲೆಯ ಮುಖ್ಯಸ್ಥರು ತಮ್ಮ ಕೋಣೆಯ ಬಚ್ಚಲನ್ನು ಬಿಟ್ಟುಕೊಟ್ಟರು. ಯಂಕಣ್ಣ ಅದಕ್ಕೆ ಪರದೆ ಕಟ್ಟಿ, ಒಂದು ರಟ್ಟಿನ ತುಂಡಿನ ಮೇಲೆ ಇದ್ದಿಲಿನಿಂದ "ಹೆಂಗಸರಿಗೆ ಮಾತ್ರ" ಎಂದು ಕನ್ನಡದಲ್ಲಿ ಬರೆದು ತೂಗುಹಾಕಿದರು. ಇಡೀ ಕ್ಯಾಂಪಿನಲ್ಲಿ ಅದನ್ನು ಓದಬಲ್ಲವರು ನಾವಿಬ್ಬರೇ ಎಂದು ಹೇಳಿದೆ. ಅವರು ತಲೆ ಕೆರೆದುಕೊಂಡು, "ತಿಳೀಲಾರದ್ದು ಬರ್ದಿತ್ತಂದ್ರ ಯಾರೂ ಒಳಗ ಹೋಗಂಗಿಲ್ಲ ಬಿಡು" ಎಂದರು. ಅದು ನಿಜವಾಯಿತು. ಯಾರೂ ಅತ್ತ ಸುಳಿಯಲಿಲ್ಲ.

ಸಾಲಿಂ ಅವರ ಪ್ರಯೋಗಶಾಲೆ

ಬಚ್ಚಲು ಬಿಟ್ಟುಕೊಟ್ಟವರು ಸಾಲಿಂ. ಅರವತ್ತರ ಹತ್ತಿರದ ಒಮಾನಿ, ಉದ್ದನೆಯ ಬಿಳಿ ಅಂಗಿ, ಕಸೂತಿಯ ಟೋಪಿ. ಎಳೆಯ ವಯಸ್ಸಿನಲ್ಲಿ ಮುಂಬೈಯಲ್ಲಿ ಓದಿದವರಾದ್ದರಿಂದ ಹಿಂದಿ ನನಗಿಂತ ಚೆನ್ನಾಗಿತ್ತು. ಬೆಳಿಗ್ಗೆ ಹೋದ ಕೂಡಲೇ ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ಕಹ್ವಾ ಎಂಬ ಕಾಫಿ ಕೊಟ್ಟರು. ಮುಗಿದ ಕೂಡಲೇ ಮತ್ತೆ ತುಂಬಿದರು. ಕೊಟ್ಟದ್ದನ್ನು ಬೇಡ ಎನ್ನಬಾರದು ಎಂಬುದು ನಮ್ಮ ಕಡೆಯ ಪಾಠ. ಕುಡಿದೆ. ಮತ್ತೆ ತುಂಬಿದರು. ಏಳನೆಯ ಬಟ್ಟಲಿಗೆ ನನ್ನ ಎದೆ ಡವಗುಟ್ಟತೊಡಗಿತು. ಆಗ ಅವರು ನಗುತ್ತ, ಸಾಕು ಎನಿಸಿದರೆ ಬಟ್ಟಲನ್ನು ಹೀಗೆ ಅಲ್ಲಾಡಿಸಿ ಕೊಡಬೇಕು ಎಂದು ತೋರಿಸಿದರು. "ನೀವು ನಿಲ್ಲಿಸುವವರೆಗೆ ನಾನು ನಿಲ್ಲಿಸುವಂತಿಲ್ಲ" ಎಂದರು.

ನಂತರ ಕೆಲಸ. ನಮ್ಮ ಪರೀಕ್ಷೆ ಸರಳ. ಉದ್ದ ಕತ್ತಿನ ಬಾಟಲಿಗೆ ಸೀಮೆಎಣ್ಣೆ ತುಂಬಿ, ಒಂದೇ ಬಿಸಿಯಲ್ಲಿರುವ ನೀರಿನ ತೊಟ್ಟಿಯಲ್ಲಿ ಇಟ್ಟು, ಎಣ್ಣೆ ಕತ್ತಿನಲ್ಲಿ ಎಲ್ಲಿಗೆ ನಿಂತಿದೆ ನೋಡಬೇಕು. ತೂಗಿದ ಪುಡಿ ಹಾಕಬೇಕು. ಮತ್ತೆ ತೊಟ್ಟಿಯಲ್ಲಿಟ್ಟು, ಎಣ್ಣೆ ಎಷ್ಟು ಏರಿತು ನೋಡಬೇಕು. ಕಡಿಮೆ ಏರಿದಷ್ಟೂ ಪುಡಿ ಭಾರ. ಸೀಮೆಎಣ್ಣೆ ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಅದಕ್ಕಾಗಿಯೇ ತೊಟ್ಟಿಯ ಬಿಸಿ ಬದಲಾಗಬಾರದು, ಬಾಟಲಿ ಅದರಲ್ಲಿ ಸಾಕಷ್ಟು ಹೊತ್ತು ಕೂರಬೇಕು.

ಸಾಲಿಂ ಬಾಟಲಿ ಇಟ್ಟು ನಮಾಜಿಗೆ ಹೋದರು. ಬಂದು ಕೂತರು. ಪಂಚಾಂಗದಂತಹ ಪುಟ್ಟ ಪುಸ್ತಕ ಓದಿದರು. ನಾನು ಎರಡು ಸಲ ಗಡಿಯಾರ ನೋಡಿದೆ.

"ಅವಸರವೇ?" ಎಂದರು.

"ರೂಢಿ" ಎಂದೆ.

ಮೊದಲ ಲಾಟು ಸರಿ ಬಂತು. ಎರಡನೆಯದೂ ಸರಿ. ಮೂರನೆಯ ಲಾಟಿನ ಚೀಲದಿಂದ ತೆಗೆದ ಪುಡಿ ನಾಲ್ಕು ಪಾಯಿಂಟ್ ಸೊನ್ನೆ ಏಳು. ಕಡಿಮೆ. ಆ ಲಾಟಿಗೆ ನಾನು ಬರೆದಿದ್ದು ನಾಲ್ಕು ಪಾಯಿಂಟ್ ಎರಡು ಎರಡು.

"ದಾರಿಯಲ್ಲಿ ಯಾರೋ ಏನೋ ಬೆರೆಸಿರಬೇಕು" ಎಂದೆ. ನನ್ನ ದನಿ ನನಗೇ ಎತ್ತರ ಕೇಳಿಸಿತು. ನಾನು ತಂದಿದ್ದ ಮೂರನೆಯ ಪೊಟ್ಟಣವನ್ನು ಮೇಜಿನ ಮೇಲಿಟ್ಟೆ. ಸೀಲು ನನ್ನದು, ಮೇಲಿನ ಅಕ್ಷರ ನನ್ನದು. ಅದನ್ನು ಮರುದಿನ ನೋಡೋಣ ಎಂದು ಸಾಲಿಂ ಬಾಗಿಲು ಹಾಕಿದರು.

ರಾತ್ರಿಯ ಊಟದಲ್ಲಿ ಯಂಕಣ್ಣ ನನಗೆ ಮಾತ್ರ ಬದನೆಕಾಯಿ ಪಲ್ಯ ಮಾಡಿಟ್ಟಿದ್ದರು. ಎದುರು ಕೂತು, ಇದೇ ಕಂಪನಿಯಲ್ಲ, ಹಿಂದೆ ಬೇರೆ ಕಡೆ ಇದ್ದಾಗಿನ ಸಂಗತಿ ಹೇಳಿದರು. ಅಲ್ಲಿ ಒಂದು ದಿನ ಬಾವಿಯಿಂದ ಗ್ಯಾಸು ಮೇಲೆ ಬಂದಿತ್ತು.

"ಸೈರನ್ ಹೊಡೀತು. ಎಲ್ಲರೂ ಓಡಿದ್ರು. ನಾ ಕೈಯಾಗ ಸೌಟು ಹಿಡ್ಕೊಂಡೇ ಓಡೀನಿ. ಬಹಳ ದೂರ ಹೋದ ಮ್ಯಾಲೆ ನೋಡ್ತೀನಿ, ಸೌಟಿನ್ಯಾಗ ಇನ್ನಾ ಸಾರು ಅದ." ತಾವೇ ನಕ್ಕರು. "ಯಾರಿಗೂ ಏನೂ ಆಗ್ಲಿಲ್ಲ, ಅದು ಬ್ಯಾರೆ ಮಾತು. ಆದ್ರ ಆವತ್ತಿನಿಂದ ಈ ಕೆಸರು ಭಾರ ಇರ್ಲೆಪ್ಪ ಅಂತ ದಿನಾ ಒಲಿ ಹಚ್ಚೋವಾಗ ಅಂದ್ಕೋತೀನಿ."

ಪಲ್ಯ ರುಚಿಯಾಗಿತ್ತು. ಒಂದು ತುತ್ತು ತಿಂದು ತಟ್ಟೆ ಸರಿಸಿದೆ.

ಮೂರನೆಯ ದಿನ

ನನ್ನ ಪೊಟ್ಟಣದ ಪುಡಿಯೂ ನಾಲ್ಕು ಪಾಯಿಂಟ್ ಸೊನ್ನೆ ಏಳು ಎಂದಿತು.

ದಾರಿಯಲ್ಲಿ ಯಾರೂ ಏನೂ ಬೆರೆಸಿರಲಿಲ್ಲ. ತಪ್ಪು ಕಡೇಚೂರಿನಲ್ಲೇ, ನನ್ನ ಮೇಜಿನ ಮೇಲೇ ಆಗಿತ್ತು. ಪೊಟ್ಟಣದ ಮೇಲಿನ ತಾರೀಖು ನೋಡಿದೆ. ಆ ದಿನ ತಟ್ಟನೆ ನೆನಪಾಯಿತು.

ಅವತ್ತು ಯಾದಗಿರಿ ಆಸ್ಪತ್ರೆಯಲ್ಲಿ ಅತ್ತೆಯ ಕಣ್ಣಿನ ಪಟ್ಟಿ ಬಿಚ್ಚುವುದಿತ್ತು. ಪೊರೆ ತೆಗೆಸಿಕೊಂಡಿದ್ದ ಅವರು, "ಪಟ್ಟಿ ಬಿಚ್ಚಿದ ಮ್ಯಾಲೆ ಮೊದಲು ನನ್ನ ಸೊಸಿ ಮಾರಿ ನೋಡ್ತೀನಿ" ಎಂದು ಡಾಕ್ಟರರಿಗೂ ಹೇಳಿಬಿಟ್ಟಿದ್ದರು. ಬೆಳಗಿನಿಂದ ಕರೆಂಟಿರಲಿಲ್ಲ. ತಂಪು ಮಾಡುವ ಯಂತ್ರ ನಿಂತು, ತೊಟ್ಟಿಯ ನೀರು ಬಿಸಿಲ ಝಳಕ್ಕೆ ಬೆಚ್ಚಗಾಗಿತ್ತು. ಅದರಲ್ಲೇ ಮೊದಲ ಅಳತೆ ತೆಗೆದೆ. ಪುಡಿ ಹಾಕಿದ ಮೇಲೆ ಕರೆಂಟು ಬಂತು, ನೀರು ತಂಪಾಯಿತು, ಎಣ್ಣೆ ಕುಗ್ಗಿತು. ಕುಗ್ಗಿದ ಎಣ್ಣೆ ಕಡಿಮೆ ಏರಿದಂತೆ ಕಂಡಿತು. ಪುಡಿ ಭಾರ ಇದೆ ಎಂದು ಬರೆದು, ಸಹಿ ಹಾಕಿ, ಬಸ್ಸಿಗೆ ಓಡಿದೆ. ಎರಡು ಮೂರು ಡಿಗ್ರಿಯ ವ್ಯತ್ಯಾಸ, ಅಷ್ಟೇ. ಅಳತೆ ತಪ್ಪಲು ಅಷ್ಟೇ ಸಾಕು ಎಂದು ಕಾಲೇಜಿನಲ್ಲೇ ಓದಿದ್ದೆ.

ಅತ್ತೆ ಪಟ್ಟಿ ಬಿಚ್ಚಿ ನನ್ನ ಮುಖ ನೋಡಿ ನಕ್ಕದ್ದೂ ನೆನಪಾಯಿತು. ಅವಸರ ಮಾಡಬಾರದಿತ್ತು ಎನಿಸಿತು, ಹೋಗಬಾರದಿತ್ತು ಎನಿಸಲಿಲ್ಲ. ಎರಡೂ ಒಟ್ಟಿಗೆ ಎದೆಯಲ್ಲಿ ಕೂತವು.

ಸಾಲಿಂ ಕೇಳುವವರೆಗೆ ಕಾಯಲಿಲ್ಲ. ನಾನೇ ಎಲ್ಲ ಹೇಳಿದೆ. ಕೇಳಿ, "ನಿಮ್ಮ ಅತ್ತೆಗೆ ಈಗ ಚೆನ್ನಾಗಿ ಕಾಣುತ್ತದೆಯೇ?" ಎಂದರು. ಕಾಣುತ್ತದೆ ಎಂದೆ. "ಅಲ್‌ಹಮ್ದುಲಿಲ್ಲಾ" ಎಂದು ದೇವರನ್ನು ಸ್ತುತಿಸಿದರು. ಆಮೇಲೆ ಬಿಳಿ ಹಾಳೆ, ಪೆನ್ನು ನನ್ನ ಮುಂದಿಟ್ಟರು. "ಬರೆಯಿರಿ. ನಾನು ಬರೆದರೆ ಅದು ದೂರು. ನೀವು ಬರೆದರೆ ತಿದ್ದುಪಡಿ."

ಬರೆಯುವ ಮೊದಲು ಮಾಲೀಕರಿಗೆ ಫೋನ್ ಮಾಡಿದೆ. ಅವರ ಹಿಂದೆ ಗಿರಣಿಯ ಸದ್ದು ಕೇಳುತ್ತಿತ್ತು.

"ಕಲ್ಲೇ ಹಂಗ ಬಂದಿತ್ತು ಅಂತ ಹೇಳಾಕ ಬರಂಗಿಲ್ಲೇನು?" ಎಂದರು.

"ಕಲ್ಲು ಹಂಗೇ ಬಂದಿತ್ರಿ. ಹಿಡೀಬೇಕಾದಾಕಿ ನಾನು. ನಾ ಹಿಡೀಲಿಲ್ಲ."

"ನೀ ಬರ್ದದ್ದು ನೀನೇ ತಿದ್ದಿ ಬಾ" ಎಂದು ಫೋನ್ ಇಟ್ಟರು. ಕೆಲಸ ಉಳಿಯಿತೋ ಹೋಯಿತೋ ಆ ಮಾತಿನಿಂದ ತಿಳಿಯಲಿಲ್ಲ. ಹಾಳೆಯ ಮೇಲೆ ಹಳೆಯ ಅಂಕಿ ಬರೆದೆ, ಅದು ಹೇಗೆ ತಪ್ಪಾಯಿತೆಂದು ಬರೆದೆ, ಹೊಸ ಅಂಕಿ ಬರೆದೆ, ಸಹಿ ಹಾಕಿದೆ. ಸಾಲಿಂ ಓದಿ, ಆ ಲಾಟನ್ನು ಆಳವಿಲ್ಲದ ಇನ್ನೊಂದು ಬಾವಿಗೆ ಕಳಿಸಿದರೆ ಸಾಕಾಗುತ್ತದೆ, ಅಲ್ಲಿ ಅಷ್ಟು ಭಾರ ಬೇಡ ಎಂದರು. ಉಳಿದ ಎರಡು ಲಾಟುಗಳನ್ನು ಇಲ್ಲೇ ಬಳಸುತ್ತೇವೆ ಎಂದು ತಮ್ಮ ಮೇಲಿನವರಿಗೆ ಬರೆದರು.

ಎಲ್ಲಕ್ಕಿಂತ ಕಷ್ಟವಾದದ್ದು ಅಡುಗೆಮನೆಗೆ ಹೋಗುವುದು. ಯಂಕಣ್ಣ ಉಳ್ಳಾಗಡ್ಡಿ ಹೆಚ್ಚುತ್ತಿದ್ದರು.

"ಅಣ್ಣಾರ, ಮೊನ್ನಿ ಇರ್ಲಿಕ್ಕಿಲ್ಲ ಅಂದಿದ್ನಿ. ಪುಡಿ ಖರೇನೇ ಹಗುರ ಅದ. ತಪ್ಪು ನಂದು."

ಅವರು ಚಾಕು ಕೆಳಗಿಟ್ಟರು. "ಎಲ್ಲಾ ಚೀಲಾನಾ?"

"ಮೂರರಾಗ ಒಂದು ಲಾಟು."

"ಈಗ ಅವು ಈ ಬಾವಿಗೆ ಹಾಕ್ತಾರೇನು?"

"ಇಲ್ರಿ. ಬರ್ದು ಕೊಟ್ಟೀನಿ."

ಇನ್ನು ಬೈಯುತ್ತಾರೆ ಎಂದುಕೊಂಡೆ. ಬೈಯಬೇಕಿತ್ತು ಕೂಡ. ಅವರು ಒಂದು ಸ್ಟೂಲು ಎಳೆದು ನನ್ನನ್ನು ಕೂಡಿಸಿದರು.

"ನಮ್ಮಪ್ಪ ಹರಗೋಲು ಹಾಕೋವಾಗ ದಂಡಿಮ್ಯಾಗ ನಿಂತು ಅಂತಿದ್ದ. ತೂತು ಅದ ಅಂತ ದಂಡಿಯಾಗ ಹೇಳಿದವ ನಮ್ಮವ, ನಡು ಹೊಳ್ಯಾಗ ಹೇಳಿದವ ವೈರಿ ಅಂತ. ನೀ ದಂಡಿಯಾಗ ಹೇಳೀದಿ. ಈಗ ಉಣ್ಣು. ಎರಡು ದಿನ ಆತು ನೀ ಉಂಡಿಲ್ಲ, ನಾ ನೋಡೀನಿ."

ಉಳ್ಳಾಗಡ್ಡಿಯ ನೆವದಲ್ಲಿ ಇಬ್ಬರೂ ಕಣ್ಣೊರೆಸಿಕೊಂಡೆವು.

ಬಾವಿಯ ಹತ್ತಿರ

ಹೊರಡುವ ದಿನ ಬೆಳಿಗ್ಗೆ ಸಾಲಿಂ ನನ್ನನ್ನು ಗೋಪುರದ ಬುಡಕ್ಕೆ ಕರೆದೊಯ್ದರು. ತಲೆಗೆ ದೊಡ್ಡ ಹೆಲ್ಮೆಟ್ಟು, ಕಾಲಿಗೆ ಎರಡು ನಂಬರು ದೊಡ್ಡದಾದ ಬೂಟು. ನಡೆದರೆ ಬೂಟು ಮೊದಲು ಹೋಗುತ್ತಿತ್ತು, ನಾನು ಹಿಂದಿನಿಂದ.

ಕಬ್ಬಿಣದ ದೊಡ್ಡ ತೊಟ್ಟಿಗಳಲ್ಲಿ ಕೆಸರು ತಿರುಗುತ್ತಿತ್ತು. ಕಾರ್ಮಿಕರು ನಮ್ಮ ಒಳ್ಳೆಯ ಲಾಟಿನ ಚೀಲಗಳನ್ನು ಒಂದೊಂದಾಗಿ ಸುರಿಯುತ್ತಿದ್ದರು. ಬೂದು ಪುಡಿ ಕೆಸರಿಗೆ ಬಿದ್ದು, ಒಂದು ಕ್ಷಣ ಮೇಲೆ ಮುಖ ತೋರಿಸಿ, ಒಳಗೆ ಇಳಿದು ಕಾಣೆಯಾಗುತ್ತಿತ್ತು. ಎಂಟು ವರ್ಷ ನಾನು ಇದನ್ನು ಚಮಚದಲ್ಲಿ ಅಳೆದಿದ್ದೆ. ಅದು ಹೋಗಿ ಸೇರುವ ಜಾಗ ಇದು. ತೊಟ್ಟಿಯ ಪಕ್ಕದಲ್ಲಿ ಹನ್ನೆರಡು ಹದಿಮೂರು ಮಂದಿ ಕೆಲಸ ಮಾಡುತ್ತಿದ್ದರು. ಒಬ್ಬ ಯಾರದೋ ಮಾತಿಗೆ ಜೋರಾಗಿ ನಗುತ್ತಿದ್ದ. ಇನ್ನೊಬ್ಬ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದ. ಅವರಲ್ಲಿ ಒಬ್ಬರಿಗೂ ನನ್ನ ಹೆಸರು ಗೊತ್ತಿರಲಿಲ್ಲ. ನನ್ನ ಸಹಿಯ ಮೇಲೆ ನಿಂತಿದ್ದರು.

ಕೆಸರು ತೂಗುವ ಪುಟ್ಟ ತಕ್ಕಡಿಯನ್ನು ಸಾಲಿಂ ನನ್ನ ಕೈಗೆ ಕೊಟ್ಟರು. ಬಟ್ಟಲಿಗೆ ಕೆಸರು ತುಂಬಿ, ಮುಚ್ಚಳ ಹಾಕಿ, ದಂಡದ ಮೇಲಿನ ಗುಂಡನ್ನು ಸರಿಸಿದೆ. ತಕ್ಕಡಿ ಸಮನಾಗುವವರೆಗೂ ಉಸಿರು ಬಿಗಿಹಿಡಿದಿದ್ದೆ. ಬೇಕಾದಷ್ಟು ಭಾರವಿತ್ತು. ಇನ್ನೊಮ್ಮೆ ತೂಗಿದೆ. ಸಾಲಿಂ ಅವಸರ ಮಾಡಲಿಲ್ಲ.

ಕಡೇಚೂರು

ಕೆಲಸ ಉಳಿದಿತ್ತು. ಮಾಲೀಕರು ಮೊದಲ ದಿನ ನನ್ನ ಜೊತೆ ಮಾತಾಡಲಿಲ್ಲ. ಎರಡನೆಯ ದಿನ ಲ್ಯಾಬಿಗೆ ಬಂದು, ಕರೆಂಟು ಹೋದರೂ ನಡೆಯುವಂತೆ ತೊಟ್ಟಿಗೆ ಬ್ಯಾಟರಿ ಕೂಡಿಸುವವರನ್ನು ಕರೆಸುತ್ತೇನೆ ಎಂದಷ್ಟೇ ಹೇಳಿ ಹೋದರು.

ಅವತ್ತು ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಪ್ಯಾಕಿಂಗ್ ಶೆಡ್ಡಿಗೆ ಹೋದೆ. ಅಲ್ಲಿ ಚೀಲ ತುಂಬಿ ಬಾಯಿ ಹೊಲಿಯುವ ನಾಲ್ವರು ಹೆಂಗಸರಿದ್ದಾರೆ. ಈ ಪುಡಿ ಎಲ್ಲಿಗೆ ಹೋಗುತ್ತದೆ, ಏನು ಮಾಡುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಎಲ್ಲ ಹೇಳಿದೆ. ಕೆಸರು, ಗ್ಯಾಸು, ಸೈರನ್ನು, ನನ್ನ ತಪ್ಪು.

ಹೊಲಿಗೆ ಯಂತ್ರದ ಶರಣಮ್ಮ ಎಲ್ಲರಿಗಿಂತ ಹಿರಿಯಳು, ಮಾತು ಕಡಿಮೆ. ಕೊನೆಯವರೆಗೂ ಕೇಳಿ ಒಂದೇ ಪ್ರಶ್ನೆ ಹಾಕಿದಳು.

"ಅಲ್ಲಿ ಚೀಲ ಹ್ಯಾಂಗ ಬಿಚ್ತಾರ್ರಿ ಮೇಡಂ?"

"ಚಾಕುಲೆ ಕೊಯ್ತಾರ. ಕೈಗೆ ಗ್ಲೌಸು ಹಾಕ್ಕೊಂಡಿರ್ತಾರ, ಎಳದು ಬಿಚ್ಚಾಕ ದಾರ ಕೈಗೆ ಸಿಗಂಗಿಲ್ಲ."

"ಚಾಕುಲೇ?" ಎಂದಳು. "ಜಾರ್ತಂದ್ರ ಕೈಗೆ ಬೀಳ್ತದಲ್ಲ."

ಊಟ ಮುಗಿಸಿ ಕೈ ತೊಳೆದು ಯಂತ್ರಕ್ಕೆ ಕೂತಳು. ಸಂಜೆ ನಾನು ಶೆಡ್ಡಿನ ಮುಂದೆ ಹಾದು ಬರುವಾಗ ಅವತ್ತು ಹೊಲಿದ ಚೀಲಗಳನ್ನು ಗೋಡೆಗೆ ಪೇರಿಸಿದ್ದರು. ಪ್ರತಿ ಚೀಲದ ಬಾಯಿಯ ತುದಿಯಲ್ಲಿ ಒಂದು ಗೇಣು ದಾರವನ್ನು ಅವಳು ಕತ್ತರಿಸದೆ ಬಿಟ್ಟಿದ್ದಳು, ದಪ್ಪ ಗ್ಲೌಸು ಹಾಕಿದ ಕೈಗೂ ಹಿಡಿದು ಎಳೆಯಲು ಸಿಗುವಷ್ಟು ಉದ್ದ.